ಇಂಡಸ್ಟ್ರಿಯಲ್ ಶೈಲಿಯ ಅಡುಗೆಮನೆ: ಬೆಳಗಾವಿಯ ಮಳೆಗೂ ಜೋಳದ ರೊಟ್ಟಿಗೂ ಒಗ್ಗಿಸುವುದು ಹೇಗೆ?

ಬೆಳಗಾವಿಯಲ್ಲಿ ಹೊಸ ಮನೆ ಕಟ್ಟಿಸುವವರಿಗೂ ಹಳೆಯ ಫ್ಲ್ಯಾಟಿನ ಅಡುಗೆಮನೆಯನ್ನು ಬಿಚ್ಚಿಸಿ ಹೊಸದಾಗಿ ಮಾಡಿಸುವವರಿಗೂ ಈಗ ಒಳಾಂಗಣ ವಿನ್ಯಾಸಗಾರರಿಂದ ಕೇಳಿಬರುವ ಮಾತು ‘ಇಂಡಸ್ಟ್ರಿಯಲ್ ಸ್ಟೈಲ್’. ಅವರು ತೋರಿಸುವ ಚಿತ್ರಗಳಲ್ಲಿ ಕಪ್ಪು ಕಬ್ಬಿಣದ ಚೌಕಟ್ಟು, ಗಿಲಾವಿಲ್ಲದ ಇಟ್ಟಿಗೆ ಗೋಡೆ, ಬೂದು ಬಣ್ಣದ ಸಿಮೆಂಟು, ಉಕ್ಕಿನ ಕಟ್ಟೆ, ಬಾಗಿಲಿಲ್ಲದ ಕಪಾಟು ಮತ್ತು ಸೂರಿನಿಂದ ಇಳಿಬಿಟ್ಟ ಲೋಹದ ದೀಪಗಳು ಇರುತ್ತವೆ. ನೋಡಿದವರಿಗೆ ಎರಡು ಸಂದೇಹಗಳು ಸಹಜವಾಗಿ ಏಳುತ್ತವೆ. ಬಣ್ಣ, ಗಿಲಾವು, ಬಾಗಿಲುಗಳೇ ಇಲ್ಲದ ಮೇಲೆ ಇದು ಅಗ್ಗವಾಗಬೇಕಲ್ಲವೇ? ಒಗ್ಗರಣೆಯ ಹೊಗೆ, ಅರಿಸಿನದ ಕಲೆ, ಆಷಾಢದ ತೇವ ಇವೆಲ್ಲ ಇರುವ ನಮ್ಮ ಅಡುಗೆಮನೆಯಲ್ಲಿ ಇದು ಎಷ್ಟು ವರ್ಷ ಬಾಳೀತು?

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಬೇರೆ ಶೈಲಿಗಳು ಮುಚ್ಚಿಡುವುದನ್ನು ಈ ಶೈಲಿ ತೆರೆದಿಡುತ್ತದೆ. ಸಾಮಾನ್ಯ ಮಾಡ್ಯುಲರ್ ಅಡುಗೆಮನೆಯಲ್ಲಿ ಹೊಳಪಿನ ಲ್ಯಾಮಿನೇಟ್ ಹಾಳೆಯ ಹಿಂದೆ ಒರಟು ಕೆಲಸ ಅಡಗಿಕೊಳ್ಳುತ್ತದೆ. ಇಲ್ಲಿ ಬೆಸುಗೆಯ ಗಂಟು, ಕೊಳವೆಯ ತಿರುವು, ಇಟ್ಟಿಗೆಯ ಸಾಲು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಸಾಮಗ್ರಿಯಲ್ಲಿ ಉಳಿಯುವ ಹಣದ ಬಹುಪಾಲು ಕೆಲಸಗಾರಿಕೆಗೆ ಹೋಗುತ್ತದೆ, ಮತ್ತು ಎಷ್ಟು ವರ್ಷ ಬಾಳುತ್ತದೆ ಎಂಬುದು ಲೋಹವನ್ನೂ ಮೇಲ್ಮೈಯನ್ನೂ ಆರಿಸುವ ಹೊತ್ತಿನಲ್ಲೇ ನಿರ್ಧಾರವಾಗುತ್ತದೆ.

ಶೈಲಿ ಬಂದ ದಾರಿ

ಇದರ ಹುಟ್ಟು ನ್ಯೂಯಾರ್ಕಿನ ಸೋಹೋ ಎಂಬ ಪ್ರದೇಶದ ಹಳೆಯ ಕಾರ್ಖಾನೆ ಕಟ್ಟಡಗಳಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಎರಕದ ಕಬ್ಬಿಣದ ಮುಂಭಾಗಗಳೊಂದಿಗೆ ಕಟ್ಟಿದ ಆ ಕಟ್ಟಡಗಳಿಂದ ಎರಡನೆಯ ಮಹಾಯುದ್ಧದ ನಂತರ ಕೈಗಾರಿಕೆಗಳು ಒಂದೊಂದಾಗಿ ಹೊರಹೋದವು. ಖಾಲಿ ಬಿದ್ದ ಎತ್ತರದ ಅಂತಸ್ತುಗಳನ್ನು 1950 ಮತ್ತು 1960ರ ದಶಕಗಳಲ್ಲಿ ಕಲಾವಿದರು ಕಡಿಮೆ ಬಾಡಿಗೆಗೆ ಹಿಡಿದು, ಅಲ್ಲಿಯೇ ಕೆಲಸ ಮಾಡುತ್ತ ಅಲ್ಲಿಯೇ ಅಡುಗೆ ಮಾಡಿಕೊಂಡು ಇದ್ದರು. ಅದಕ್ಕೆ 1971ರಲ್ಲಿ ನಗರಾಡಳಿತ ಕಾನೂನಿನ ಒಪ್ಪಿಗೆ ಕೊಟ್ಟಿತು. ಕೊಳವೆಗಳನ್ನು ಮುಚ್ಚಲು, ಇಟ್ಟಿಗೆಗೆ ಗಿಲಾವು ಮಾಡಿಸಲು ಅವರಲ್ಲಿ ಹಣವಿರಲಿಲ್ಲ. ಅನಿವಾರ್ಯತೆಯೇ ಕ್ರಮೇಣ ಅಭಿರುಚಿಯಾಯಿತು. ಹೋಟೆಲುಗಳ ಅಡುಗೆಕೋಣೆಯ ಉಕ್ಕಿನ ಮೇಜು, ಗೋಡೆಯ ಕೊಕ್ಕೆಗಳು ಮತ್ತು ತೆರೆದ ಹಲಗೆಗಳು ಈ ನೋಟಕ್ಕೆ ಆಮೇಲೆ ಸೇರಿಕೊಂಡವು. ಚಿತ್ರಗಳಲ್ಲಿ ಕಾಣುವ 3 ಇಂಚು ಎತ್ತರ, 6 ಇಂಚು ಉದ್ದದ ಬಿಳಿ ಟೈಲು ಬಂದದ್ದು 1904ರಲ್ಲಿ ಆರಂಭವಾದ ನ್ಯೂಯಾರ್ಕ್ ಸುರಂಗ ರೈಲಿನ ನಿಲ್ದಾಣಗಳಿಂದ.

ನಮ್ಮ ಭಾಗಕ್ಕೆ ಈ ನೋಟ ಹೊಸದೇನಲ್ಲ. ಗೋಕಾಕ ಜಲಪಾತದ ಬಳಿ 1880ರ ದಶಕದಲ್ಲಿ ಎದ್ದ ನೂಲಿನ ಗಿರಣಿಯನ್ನು ಕಂಡವರಿಗೆ ಕಲ್ಲಿನ ಗೋಡೆ, ಕಬ್ಬಿಣದ ತೊಲೆಗಳು ಹೇಗೆ ಒಟ್ಟಿಗೆ ನಿಲ್ಲುತ್ತವೆ ಎಂಬುದು ಗೊತ್ತು. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಫೌಂಡ್ರಿಗಳು, ಲೇತ್ ಅಂಗಡಿಗಳು, ತಗಡು ಬಗ್ಗಿಸುವವರು, ಪೌಡರ್ ಕೋಟಿಂಗ್ ಮಾಡುವವರು ಅಕ್ಕಪಕ್ಕದಲ್ಲೇ ಇದ್ದಾರೆ. ಬೇರೆ ಊರಿನವರು ಸಿದ್ಧ ವಸ್ತುಗಳನ್ನು ತರಿಸಿಕೊಳ್ಳಬೇಕಾದ ಕಡೆ ಇಲ್ಲಿನವರು ಅಳತೆ ಕೊಟ್ಟು ಮಾಡಿಸಿಕೊಳ್ಳಬಹುದು. ಆದರೆ ಕೊಟ್ಟ ಅಳತೆಯ ಜೊತೆಗೆ ಏನು ಹೇಳಬೇಕೆಂಬುದು ತಿಳಿದಿರಬೇಕು. ಗೇಟು ಮತ್ತು ಕಿಟಕಿಯ ಸಳಿಗಳನ್ನು ಮಾಡುವ ಕೈಗೆ ಅಡುಗೆಮನೆಯ ಬೇಡಿಕೆಗಳು ತಾನಾಗಿ ಹೊಳೆಯುವುದಿಲ್ಲ.

ಕಬ್ಬಿಣಗಳಲ್ಲಿ ಭೇದ

‘ಕಬ್ಬಿಣ’ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಅಡುಗೆಮನೆಗೆ ಸಂಬಂಧಿಸಿದ ಮೂರು ಬಗೆಗಳಿವೆ. ಎರಕದ ಕಬ್ಬಿಣದಲ್ಲಿ ಇಂಗಾಲದ ಅಂಶ ಶೇಕಡಾ 2ರಿಂದ 4ರವರೆಗೆ ಇರುತ್ತದೆ. ಅದು ಭಾರವನ್ನು ಹೊರುತ್ತದೆ, ಆದರೆ ಬಗ್ಗದೆ ಸಿಡಿಯುತ್ತದೆ. ಮೇಜಿನ ಕಾಲು, ಹಲಗೆಯ ಕೆಳಗಿನ ಅಲಂಕಾರದ ಆಧಾರ ಇವುಗಳಿಗೆ ಅದು ತಕ್ಕದ್ದು. ಎಂ.ಎಸ್. ಎಂದು ಅಂಗಡಿಗಳಲ್ಲಿ ಕರೆಯುವ ಮೆದು ಉಕ್ಕಿನಲ್ಲಿ ಇಂಗಾಲ ಶೇಕಡಾ 0.25ಕ್ಕಿಂತ ಕಡಿಮೆ, ಅದನ್ನು ಸುಲಭವಾಗಿ ಕತ್ತರಿಸಿ, ಬಗ್ಗಿಸಿ, ಬೆಸೆಯಬಹುದು. ಚಿತ್ರಗಳಲ್ಲಿನ ಕಪ್ಪು ಚೌಕಟ್ಟುಗಳೆಲ್ಲ ಬಹುತೇಕ ಇದೇ. ಮೂರನೆಯದು ಸ್ಟೇನ್‌ಲೆಸ್ ಸ್ಟೀಲ್.

ಮೊದಲ ಎರಡಕ್ಕೂ ಶತ್ರು ತುಕ್ಕು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಒಂದೆಡೆ ಸೇರಿದಾಗ ತುಕ್ಕು ಹುಟ್ಟುತ್ತದೆ. ನೀರು ಸುರಿಯಲೇಬೇಕೆಂದಿಲ್ಲ, ಗಾಳಿಯ ತೇವವೇ ಸಾಕು. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಾಂಶ ಶೇಕಡಾ 80ನ್ನು ಮೀರಿಯೇ ದಿನಗಟ್ಟಲೆ ನಿಲ್ಲುತ್ತದೆ. ವಿಜಯಪುರದಲ್ಲಿ ಬೀಳುವ ಮಳೆಯ ಸುಮಾರು ಇಮ್ಮಡಿ ಇಲ್ಲಿ ಬೀಳುತ್ತದೆ. ಹೀಗಾಗಿ ವಿಜಯಪುರದ ಅಡುಗೆಮನೆಯಲ್ಲಿ ಧೂಳು ಒರೆಸಿಕೊಂಡು ಹತ್ತು ವರ್ಷ ನಿಲ್ಲಬಹುದಾದ ಚೌಕಟ್ಟು, ಅದೇ ಬಣ್ಣ ಹಚ್ಚಿದ್ದರೂ, ಬೆಳಗಾವಿಯಲ್ಲಿ ಕೆಲವೇ ಮಳೆಗಾಲಗಳಲ್ಲಿ ಕಾಲಿನ ಬುಡದಿಂದ ಕೆಂಪಾಗತೊಡಗುತ್ತದೆ.

ಬುಡದಿಂದಲೇ ಏಕೆ? ನಾವು ನೆಲವನ್ನು ನೀರು ಹಾಕಿ ತೊಳೆಯುವವರು. ಚೌಕ ಪೈಪಿನ ಕಾಲು ನೇರವಾಗಿ ಫರಸಿಯ ಮೇಲೆ ನಿಂತಿದ್ದರೆ ಪೈಪಿನ ಟೊಳ್ಳಿನೊಳಗೆ ನೀರು ಏರಿ, ಬಣ್ಣವೇ ಇಲ್ಲದ ಒಳಮೈಯನ್ನು ತಿನ್ನುತ್ತದೆ. ಹೊರಗೆ ಗುಳ್ಳೆ ಏಳುವ ಹೊತ್ತಿಗೆ ಒಳಗೆ ಲೋಹ ತೆಳ್ಳಗಾಗಿರುತ್ತದೆ. ಪೈಪಿನ ಎರಡೂ ತುದಿಗಳನ್ನು ತಗಡಿನಿಂದ ಬೆಸೆದು ಮುಚ್ಚಿಸುವುದು, ಕೆಳಗೆ ನೈಲಾನ್ ಬುಷ್ ಹಾಕಿಸುವುದು, ಸಾಧ್ಯವಿದ್ದರೆ 10 ಸೆಂ.ಮೀ. ಎತ್ತರದ ಕಲ್ಲಿನ ಪೀಠದ ಮೇಲೆ ಚೌಕಟ್ಟನ್ನು ನಿಲ್ಲಿಸುವುದು ಇದಕ್ಕೆ ಪರಿಹಾರ. ಮುಚ್ಚದೆ ಬಿಟ್ಟ ಟೊಳ್ಳು ಪೈಪು ಜಿರಳೆಗಳಿಗೂ ಒಳ್ಳೆಯ ಮನೆಯಾಗುತ್ತದೆ.

ಬಣ್ಣದ ವಿಷಯದಲ್ಲಿ ಎರಡು ದಾರಿಗಳಿವೆ. ಒಂದು, ರೆಡ್ ಆಕ್ಸೈಡ್ ಪ್ರೈಮರ್ ಬಳಿದು ಮೇಲೆ ಎನಾಮೆಲ್ ಅಥವಾ ಪಿ.ಯು. (ಪಾಲಿಯುರೆಥೇನ್) ಬಣ್ಣ ಹಚ್ಚುವುದು, ಕೆರೆದುಹೋದರೆ ಮನೆಯಲ್ಲೇ ತಿದ್ದಬಹುದು. ಇನ್ನೊಂದು ಪೌಡರ್ ಕೋಟಿಂಗ್. ಇದರಲ್ಲಿ ಬಣ್ಣದ ಪುಡಿಗೆ ವಿದ್ಯುದಾವೇಶ ಕೊಟ್ಟು ಸಿಂಪಡಿಸಿ, 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಭಟ್ಟಿಯಲ್ಲಿ ಕರಗಿಸಿ ಲೋಹಕ್ಕೆ ಅಂಟಿಸುತ್ತಾರೆ. ಪದರ ಒಂದೇ ಸಮನಾಗಿ, ಗಟ್ಟಿಯಾಗಿ ಕೂರುತ್ತದೆ. ಆದರೆ ಅದರ ಕೆಳಗಿನ ಲೋಹದಲ್ಲಿ ಎಣ್ಣೆ ಅಥವಾ ತುಕ್ಕು ಉಳಿದಿದ್ದರೆ ಪದರವೆಲ್ಲ ಹಾಳೆಯಾಗಿ ಎದ್ದುಬರುತ್ತದೆ. ಜಿಡ್ಡು ತೆಗೆದು ಫಾಸ್ಫೇಟ್ ದ್ರಾವಣದಲ್ಲಿ ಅದ್ದುವ ಪೂರ್ವಸಿದ್ಧತೆ ಇದೆಯೇ ಎಂದು ಮೊದಲೇ ಕೇಳಬೇಕು. ಕ್ರಮವೂ ಮುಖ್ಯ: ಕತ್ತರಿಸುವುದು, ಬೆಸೆಯುವುದು, ತೂತು ಕೊರೆಯುವುದು ಎಲ್ಲ ಮುಗಿಸಿ, ಚೌಕಟ್ಟನ್ನು ಒಮ್ಮೆ ಮನೆಗೆ ತಂದು ಕೂರಿಸಿ ನೋಡಿ, ಬಿಚ್ಚಿ ಒಯ್ದು, ಆನಂತರವೇ ಕೋಟಿಂಗ್ ಮಾಡಿಸಬೇಕು. ಕೋಟಿಂಗ್ ಆದ ಮೇಲೆ ಮನೆಯಲ್ಲಿ ಡ್ರಿಲ್ ಹಿಡಿದು ಕೊರೆದ ಪ್ರತಿ ತೂತೂ ತುಕ್ಕಿಗೆ ಬಾಗಿಲು. ಎರಡು ಸಲ ಸಾಗಿಸುವ ಖರ್ಚನ್ನು ಕಂಡು ಹಿಂಜರಿಯುವವರೇ ಹೆಚ್ಚು, ಆದರೆ ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ.

ಸ್ಟೇನ್‌ಲೆಸ್ ಸ್ಟೀಲಿನ ಗುಟ್ಟು ಕ್ರೋಮಿಯಂ. ಉಕ್ಕಿನಲ್ಲಿ ಅದು ಕನಿಷ್ಠ ಶೇಕಡಾ 10.5ರಷ್ಟು ಇದ್ದರೆ, ಗಾಳಿಯ ಆಮ್ಲಜನಕದೊಡನೆ ಸೇರಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದನ್ನು ಮೈಮೇಲೆ ಕಟ್ಟುತ್ತದೆ. ಕಾಯಿಸಿದ ಹಾಲಿನ ಕೆನೆ ತೆಗೆದರೆ ಮತ್ತೆ ಕೆನೆ ಕಟ್ಟುವಂತೆ, ಗೀರು ಬಿದ್ದ ಕಡೆ ಈ ಪೊರೆಯೂ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಅದು ಸೋಲುವುದು ಮುಖ್ಯವಾಗಿ ಕ್ಲೋರೈಡಿಗೆ, ಎಂದರೆ ಉಪ್ಪು, ಉಪ್ಪಿನಕಾಯಿಯ ರಸ, ಬ್ಲೀಚಿಂಗ್ ದ್ರಾವಣ ಇವುಗಳಿಗೆ. ಇವು ಒಂದೇ ಕಡೆ ನಿಂತು ಒಣಗಿದರೆ ಸೂಜಿಮೊನೆಯಂಥ ಕುಳಿಗಳು ಬೀಳುತ್ತವೆ.

ಅಂಗಡಿಯಲ್ಲಿ ‘ಎಸ್.ಎಸ್.’ ಎಂದಷ್ಟೇ ಹೇಳಿದರೆ ಸಾಲದು. 304 ದರ್ಜೆಯಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕೆಲ್ ಇರುತ್ತದೆ. 202 ದರ್ಜೆಯಲ್ಲಿ ದುಬಾರಿ ನಿಕ್ಕೆಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ; ಬೆಲೆ ಇಳಿಯುತ್ತದೆ, ತುಕ್ಕನ್ನು ತಡೆಯುವ ಶಕ್ತಿಯೂ ಇಳಿಯುತ್ತದೆ. ಸಿಂಕು ಮತ್ತು ಕಟ್ಟೆಗೆ 304 ಬೇಕು, ನೀರು ತಾಗದ ಮೇಲಿನ ಹಲಗೆಗೆ 202 ನಡೆಯುತ್ತದೆ. ಅಯಸ್ಕಾಂತ ಹಿಡಿದು ನೋಡುವ ರೂಢಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಎರಡೂ ದರ್ಜೆಗಳು ಅಯಸ್ಕಾಂತಕ್ಕೆ ಅಂಟುವುದಿಲ್ಲವೆಂದೇ ಹೇಳಬೇಕು. ಸ್ಟೀಲ್ ವ್ಯಾಪಾರಿಗಳ ಬಳಿ ಇರುವ ಪರೀಕ್ಷಾ ದ್ರವದ ಹನಿ ಹಾಕಿಸಿ ನೋಡುವುದು, ಇಲ್ಲವೇ ತಗಡಿನ ಜೊತೆ ಬರುವ ಕಾರ್ಖಾನೆಯ ಪ್ರಮಾಣಪತ್ರ ಕೇಳುವುದು ಒಳ್ಳೆಯದು. ಬೆಸುಗೆ ಆರ್ಗಾನ್ ಅನಿಲದ್ದಾಗಿರಲಿ. ಬೆಸುಗೆಯ ಸುತ್ತ ಉಳಿಯುವ ನೀಲಿ ಕಂದು ಕಲೆಯನ್ನು ತೊಳೆದು ತೆಗೆಯಿಸಬೇಕು, ಇಲ್ಲದಿದ್ದರೆ ಅಲ್ಲಿ ಪೊರೆ ಸರಿಯಾಗಿ ಕಟ್ಟುವುದಿಲ್ಲ. ಎಂ.ಎಸ್. ಉಜ್ಜಿದ ಗ್ರೈಂಡರ್ ಚಕ್ರವನ್ನೇ ಸ್ಟೇನ್‌ಲೆಸ್‌ಗೂ ಬಳಸಿದರೆ ಕಬ್ಬಿಣದ ಕಣಗಳು ಅಂಟಿಕೊಂಡು, ‘ಸ್ಟೇನ್‌ಲೆಸ್ ತುಕ್ಕು ಹಿಡಿಯಿತು’ ಎಂಬ ದೂರು ಹುಟ್ಟುತ್ತದೆ. ಮನೆಯಲ್ಲಿ ಕಬ್ಬಿಣದ ತಂತಿಯ ಉಜ್ಜುವಿಕೆಯಿಂದ ಆಗುವುದೂ ಇದೇ.

ಕಟ್ಟೆ: ರೊಟ್ಟಿ ಬಡಿಯುವ ಜಾಗ

ಚಿತ್ರಗಳಲ್ಲಿನ ಅಡುಗೆಮನೆಗಳಲ್ಲಿ ಯಾರೂ ಜೋಳದ ರೊಟ್ಟಿ ಬಡಿಯುವುದಿಲ್ಲ. ನಮ್ಮಲ್ಲಿ ಅದು ದಿನನಿತ್ಯದ ಕೆಲಸ, ಮತ್ತು ಕಟ್ಟೆಯ ಆಯ್ಕೆಯನ್ನು ತೀರ್ಮಾನಿಸುವಷ್ಟು ದೊಡ್ಡ ಕೆಲಸ. ತೆಳು ಉಕ್ಕಿನ ತಗಡನ್ನು ಬರಿಯ ಚೌಕಟ್ಟಿನ ಮೇಲೆ ಹೊದಿಸಿದರೆ ಪ್ರತಿ ಬಡಿತಕ್ಕೂ ತಗಡು ನಡುಗಿ ಸದ್ದು ಮಾಡುತ್ತದೆ. ಉಕ್ಕಿನ ಕಟ್ಟೆಯೇ ಬೇಕೆಂದರೆ 16 ಗೇಜಿನ, ಎಂದರೆ ಸುಮಾರು ಒಂದೂವರೆ ಮಿ.ಮೀ. ದಪ್ಪದ ತಗಡನ್ನು ನೀರು ತಡೆಯುವ ಪ್ಲೈವುಡ್ ಅಥವಾ ಕಲ್ಲಿನ ಚಪ್ಪಡಿಗೆ ಅಂಟಿಸಿ ಕೂರಿಸಬೇಕು. ಗೇಜಿನ ಸಂಖ್ಯೆ ಹೆಚ್ಚಿದಂತೆ ತಗಡು ತೆಳುವಾಗುತ್ತದೆ ಎಂಬುದನ್ನು ಮರೆಯಬಾರದು. ಕನ್ನಡಿಯಂಥ ಹೊಳಪಿನ ಬದಲು ಗೆರೆಯುಳ್ಳ ಮಂದ ಹೊಳಪನ್ನು ಆರಿಸಿದರೆ ಬೆರಳಚ್ಚು, ಗೀರುಗಳು ಅಷ್ಟಾಗಿ ಕಾಣುವುದಿಲ್ಲ; ಆ ಗೆರೆಗಳ ಉದ್ದಕ್ಕೇ ಒರೆಸಬೇಕು, ಅಡ್ಡಕ್ಕೆ ಒರೆಸಬಾರದು.

ಸಿಮೆಂಟ್ ಕಾಂಕ್ರೀಟಿನ ಕಟ್ಟೆ ನೋಡಲು ಈ ಶೈಲಿಗೆ ಅತ್ಯಂತ ಒಪ್ಪುವಂಥದು, ಬಾಳಿಕೆಯಲ್ಲಿ ಅತ್ಯಂತ ಕಷ್ಟದ್ದು. ಗಟ್ಟಿಯಾದ ಸಿಮೆಂಟಿನಲ್ಲಿ ಸುಣ್ಣದ ಅಂಶವಿದೆ. ಹುಣಸೆಹಣ್ಣು, ನಿಂಬೆ, ಮೊಸರು ಇವುಗಳ ಹುಳಿ ಅದನ್ನು ಕರಗಿಸಿ ಮಸುಕು ಕಲೆ ಬಿಡುತ್ತದೆ. ಸೂಕ್ಷ್ಮ ರಂಧ್ರಗಳೊಳಗೆ ಅರಿಸಿನ, ಎಣ್ಣೆ ಇಳಿದರೆ ಹೊರಬರುವುದಿಲ್ಲ. ಮೇಲೆ ಹಚ್ಚುವ ಸೀಲರ್ ಪದರ ಇದನ್ನು ತಡೆಯುತ್ತದೆ, ಆದರೆ ಸವೆಯುತ್ತದೆ, ಮತ್ತೆ ಹಚ್ಚಬೇಕಾಗುತ್ತದೆ. ಇದೇ ಕಾರಣಕ್ಕೆ ಕಡಪ ಕಲ್ಲು, ಶಹಾಬಾದ ಫರಸಿಗಳೂ ಹುಳಿಗೆ ಸೋಲುತ್ತವೆ. ಎರಡೂ ಸುಣ್ಣದ ಕಲ್ಲಿನ ಜಾತಿಯವು. ಗ್ರಾನೈಟ್ ಹಾಗಲ್ಲ. ಅದರ ಮುಖ್ಯ ಅಂಶಗಳಾದ ಸ್ಫಟಿಕ ಶಿಲೆ ಮತ್ತು ಫೆಲ್ಡ್‌ಸ್ಪಾರ್‌ಗಳನ್ನು ಅಡುಗೆಮನೆಯ ಹುಳಿ ಏನೂ ಮಾಡಲಾರದು. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀಮೆಯ ನಸುಗೆಂಪು ಗ್ರಾನೈಟನ್ನು ಹೊಳಪು ಕೊಡದೆ ಮಂದವಾಗಿ ಉಜ್ಜಿಸಿ ಕಪ್ಪು ಚೌಕಟ್ಟಿನ ಮೇಲಿಟ್ಟರೆ, ಆಮದು ಚಿತ್ರಗಳ ಬೂದು ಬಣ್ಣಕ್ಕಿಂತ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಇದು ನನ್ನ ಅಭಿರುಚಿಯ ಮಾತು. ಬಾಳಿಕೆಯ ಮಾತಿಗೆ ಮಾತ್ರ ಕಲ್ಲೇ ಸಾಕ್ಷಿ. ಯಾವ ಕಲ್ಲಾದರೂ ತುಣುಕೊಂದನ್ನು ತಂದು, ಅದರ ಮೇಲೆ ನಿಂಬೆರಸ, ಎಣ್ಣೆ, ಅರಿಸಿನದ ನೀರು ಬಿಟ್ಟು ರಾತ್ರಿ ಕಳೆದ ಮೇಲೆ ತೊಳೆದು ನೋಡಿದರೆ ಅಂಗಡಿಯವರ ಮಾತು ಬೇಕಾಗುವುದಿಲ್ಲ.

ಕಟ್ಟೆಯ ಎತ್ತರಕ್ಕೆ ಸಿದ್ಧ ಅಳತೆಯನ್ನು ಒಪ್ಪಿಕೊಳ್ಳುವ ಬದಲು, ಅಡುಗೆ ಮಾಡುವವರು ಮೊಣಕೈ ಮಡಚಿ ನಿಂತಾಗ ಮೊಣಕೈಗಿಂತ 10ರಿಂದ 15 ಸೆಂ.ಮೀ. ಕೆಳಗೆ ಬರುವಂತೆ ನೋಡಿಕೊಳ್ಳಬೇಕು. ನಾದುವ, ಬಡಿಯುವ ಕೆಲಸದಲ್ಲಿ ಶಕ್ತಿ ಭುಜದಿಂದ ಬರುವುದರಿಂದ ಆ ಜಾಗ ಇನ್ನೂ ಸ್ವಲ್ಪ ತಗ್ಗಿರಬೇಕು. ಇಲ್ಲಿ ಈ ಶೈಲಿಯಿಂದ ನಿಜವಾದ ಅನುಕೂಲವಿದೆ: ಮುಖ್ಯ ಕಟ್ಟೆಗೆ ಜೋಡಿಸದೆ, ತಗ್ಗಾದ, ದಪ್ಪ ಗ್ರಾನೈಟ್ ಹಾಸಿದ ಪ್ರತ್ಯೇಕ ಕಬ್ಬಿಣದ ಮೇಜನ್ನು ರೊಟ್ಟಿಗಾಗಿಯೇ ಮಾಡಿಸಬಹುದು. ಅದಕ್ಕೆ ಗಾಲಿ ಮಾತ್ರ ಬೇಡ.

ಇಟ್ಟಿಗೆ ಗೋಡೆ

ಗಿಲಾವಿಲ್ಲದ ಇಟ್ಟಿಗೆ ಎಣ್ಣೆಯ ಹಬೆಯನ್ನು ಹೀರಿಕೊಳ್ಳುತ್ತದೆ. ಒಲೆಯ ಹಿಂದಿನ ಗೋಡೆಗೆ ಅದು ಸಲ್ಲದು; ಅಲ್ಲಿ ಬಿಳಿ ಟೈಲು ಅಥವಾ ಉಕ್ಕಿನ ತಗಡು ಹಾಕಿ, ಎದುರಿನ ಒಣ ಗೋಡೆಯಲ್ಲಿ ಇಟ್ಟಿಗೆಯನ್ನು ಕಾಣಿಸಬಹುದು. ಟೈಲುಗಳ ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿಸಿದರೆ ಅರಿಸಿನ ಹಿಡಿಯುವುದಿಲ್ಲ. ಮಳೆ ಹೊಡೆಯುವ ಪಶ್ಚಿಮದ ಹೊರಗೋಡೆಯನ್ನು ಒಳಗೆ ಬರಿಮೈಯಾಗಿ ಬಿಟ್ಟರೆ ತೇವ ಇಟ್ಟಿಗೆಯ ಮೂಲಕ ಬಂದು, ಒಣಗುವಾಗ ಬಿಳಿ ಉಪ್ಪನ್ನು ಮೇಲಕ್ಕೆ ತಂದು ನಿಲ್ಲಿಸುತ್ತದೆ. ಹಳೆಯ ಗೋಡೆಯ ಗಿಲಾವನ್ನು ಕಿತ್ತು ಇಟ್ಟಿಗೆ ಹೊರತೆಗೆಯುವ ಆಸೆ ಬಹಳ ಮಂದಿಗೆ ಇರುತ್ತದೆ, ಆದರೆ ಗಿಲಾವಿನ ಅಡಿ ಮುಚ್ಚಿಹೋಗಲೆಂದೇ ಕಟ್ಟಿದ ಸಾಲುಗಳು ನೇರವಾಗಿರುವುದು ಅಪರೂಪ.

ತೆರೆದ ಹಲಗೆಗಳು ಮತ್ತು ಅವು ಹೊರುವ ಭಾರ

ಗೋಡೆಯ ಮೇಲಿನ ಸ್ಟೀಲ್ ಪಾತ್ರೆ ಸ್ಟ್ಯಾಂಡು ನಮ್ಮ ಮನೆಗಳಲ್ಲಿ ಬಹಳ ಹಿಂದಿನಿಂದ ಇದೆ. ತಟ್ಟೆಗೆ, ಲೋಟಕ್ಕೆ, ಸೌಟಿಗೆ ಅದರದರ ಜಾಗ ಮಾಡಿದ ಆ ಸ್ಟ್ಯಾಂಡಿಗಿಂತ ಇಂಡಸ್ಟ್ರಿಯಲ್ ಆದ ವಸ್ತು ಇನ್ನೊಂದಿಲ್ಲ. ಅದನ್ನು ಕಿತ್ತು ಹಾಕುವ ಮುಂಚೆ ಎರಡು ಸಲ ಯೋಚಿಸಬೇಕು. ತೆರೆದ ಹಲಗೆಯ ಮೇಲೆ ದಿನವೂ ಬಳಸಿ ತೊಳೆಯುವ ವಸ್ತುಗಳಿದ್ದರೆ ಧೂಳು ಕೂರುವುದಿಲ್ಲ. ಹಬ್ಬಕ್ಕೊಮ್ಮೆ ತೆಗೆಯುವ ಪಾತ್ರೆಗಳಿಗೆ ಬಾಗಿಲು ಬೇಕೇ ಬೇಕು.

ಐದೈದು ಕಿಲೋ ಧಾನ್ಯದ ಎಂಟು ಡಬ್ಬಿಗಳನ್ನು ಒಂದು ಹಲಗೆಯ ಮೇಲಿಟ್ಟರೆ ಡಬ್ಬಿಗಳ ತೂಕ ಬಿಟ್ಟೇ 40 ಕಿಲೋ ಆಗುತ್ತದೆ. ಅಷ್ಟನ್ನು ಗೋಡೆ ಹಿಡಿಯಬೇಕು. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಗೆ ಆ್ಯಂಕರ್ ಬೋಲ್ಟ್ ಸಾಕಾಗುತ್ತದೆ, ಆದರೆ ಇತ್ತೀಚಿನ ಕಟ್ಟಡಗಳ ಹಗುರ ಬ್ಲಾಕಿನ ಗೋಡೆಗಳಲ್ಲಿ ಅದೇ ಬೋಲ್ಟ್ ಸಡಿಲವಾಗಿ ಜಾರುತ್ತದೆ. ಅಂಥ ಕಡೆ ಆ ಬ್ಲಾಕಿಗೆಂದೇ ಇರುವ ಆ್ಯಂಕರ್ ಬಳಸಬೇಕು, ಇಲ್ಲವೇ ಹಲಗೆಗಳ ಭಾರ ನೆಲಕ್ಕೇ ಇಳಿಯುವಂತೆ ನಿಂತ ಚೌಕಟ್ಟು ಮಾಡಿಸಬೇಕು. ಹಲಗೆಗೆ ಹಳೆಯ ವಾಡೆಗಳನ್ನು ಬಿಚ್ಚಿದಾಗ ಸಿಗುವ ಸಾಗವಾನಿ ತೊಲೆಗಳನ್ನು ಸೀಳಿಸಿಕೊಳ್ಳಬಹುದು. ಹತ್ತಾರು ವರ್ಷ ಒಣಗಿದ ಮರವಾದ್ದರಿಂದ ತಿರುಚಿಕೊಳ್ಳುವ ಭಯ ಕಡಿಮೆ. ಗೆದ್ದಲಿನ ಗುರುತು, ಒಳಗೆ ಮುರಿದು ಉಳಿದ ಮೊಳೆ ಇವೆಯೇ ಎಂದು ಮಾತ್ರ ಪರೀಕ್ಷಿಸಿ ತರಬೇಕು.

ಹೊಗೆ, ಅನಿಲ ಮತ್ತು ವಿದ್ಯುತ್ತು

ಹೊಗೆಯ ಕೊಳವೆಯನ್ನು ಮುಚ್ಚದೆ ತೋರಿಸುವುದು ಈ ಶೈಲಿಯ ಗುರುತು, ಮತ್ತು ಅದರಿಂದ ಚಿಮಣಿಯ ಕೆಲಸವೂ ಸುಧಾರಿಸುತ್ತದೆ. ಮುಚ್ಚಿದ ಸೂರಿನೊಳಗೆ ಸಾಮಾನ್ಯವಾಗಿ ಹಾಕುವ ಸುಕ್ಕುಸುಕ್ಕಾದ ಅಲ್ಯುಮಿನಿಯಂ ಕೊಳವೆಯ ಮಡಿಕೆಗಳಲ್ಲಿ ಜಿಡ್ಡು ನಿಲ್ಲುತ್ತದೆ, ಪ್ರತಿ ಬಾಗಿನಲ್ಲೂ ಗಾಳಿಯ ವೇಗ ಕುಗ್ಗುತ್ತದೆ. ತೆರೆದಿಟ್ಟಾಗ 6 ಇಂಚು ವ್ಯಾಸದ, ಒಳಮೈ ನುಣುಪಾದ ಗಟ್ಟಿ ಕೊಳವೆಯನ್ನು ನೇರವಾಗಿ ಹೊರಗೋಡೆಗೆ ಒಯ್ಯಬಹುದು. ಅದು ಹೊರಕ್ಕೆ ತುಸು ಇಳಿಜಾರಾಗಿರಲಿ, ಹೊರಬಾಯಿ ಮಳೆಗಾಳಿ ಬರುವ ನೈರುತ್ಯ ಹಾಗೂ ಪಶ್ಚಿಮ ದಿಕ್ಕುಗಳಿಗೆ ತೆರೆಯದಿರಲಿ.

ಅನಿಲದ ಕೊಳವೆ ಕಾಣುವಂತಿದ್ದರೆ ಒಳ್ಳೆಯದೇ, ಸೋರಿಕೆಯನ್ನು ಪತ್ತೆ ಹಚ್ಚುವುದು ಸುಲಭ. ಅದಕ್ಕೆ ಕೊಕ್ಕೆ ಸಿಕ್ಕಿಸಿ ಸೌಟು ತೂಗಹಾಕುವುದು ಅಪಾಯಕಾರಿ. ತೂಗಹಾಕಲು ಬೇರೆಯೇ ಸರಳು ಬೇಕು. ಸಿಲಿಂಡರಿನ ಅಡುಗೆ ಅನಿಲ (ಎಲ್‌ಪಿಜಿ) ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲದ ಮೇಲೆ ಹರಡುತ್ತದೆ. ಸಿಲಿಂಡರ್ ಇಡುವ ಜಾಗಕ್ಕೆ ಗಟ್ಟಿ ತಗಡಿನ ಬಾಗಿಲು ಹಾಕದೆ, ಕೆಳಗಡೆ ತೂತುಗಳಿರುವ ಜಾಲರಿ ತಗಡನ್ನು ಹಾಕಿಸಬೇಕು.

ವಿದ್ಯುತ್ ತಂತಿಗಳನ್ನು ಗೋಡೆಯ ಮೇಲೆಯೇ ಲೋಹದ ಕೊಳವೆಯಲ್ಲಿ ಒಯ್ಯುವುದಾದರೆ ಆ ಕೊಳವೆಗಳಿಗೂ, ಮಿಕ್ಸರ್ ಮತ್ತು ಓವನ್ ಇಡುವ ಲೋಹದ ಚೌಕಟ್ಟಿಗೂ ಅರ್ಥಿಂಗ್ ಕೊಡಿಸಲೇಬೇಕು. ತಂತಿಯ ಹೊದಿಕೆ ಎಲ್ಲಾದರೂ ಸವೆದು ಲೋಹಕ್ಕೆ ತಾಗಿದರೆ, ಒದ್ದೆ ಕೈಯಲ್ಲಿ ಆ ಚೌಕಟ್ಟನ್ನು ಮುಟ್ಟಿದವರ ಮೈಮೂಲಕ ವಿದ್ಯುತ್ತು ಹರಿಯುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ಚು ಇದ್ದರೆ ಅಂಥ ಸೋರಿಕೆಯನ್ನು ಗುರುತಿಸಿ ಕ್ಷಣದೊಳಗೆ ಸಂಪರ್ಕ ಕಡಿಯುತ್ತದೆ. ಕಪ್ಪು ಪಿವಿಸಿ ಕೊಳವೆ ಹಾಕಿಸಿದರೆ ನೋಟ ಹೆಚ್ಚು ಕೆಡುವುದಿಲ್ಲ, ಚಿಂತೆಯೂ ಕಡಿಮೆ.

ತಂತಿ ಹೊಳೆಯುವಂತೆ ಕಾಣುವ ಎಲ್‌ಇಡಿ ಬಲ್ಬುಗಳ ಹಳದಿ ಬೆಳಕು, ಬೆಳಕಿನ ಬಣ್ಣವನ್ನು ಅಳೆಯುವ ಮಾನದಲ್ಲಿ ಸುಮಾರು 2,700 ಕೆಲ್ವಿನ್, ಊಟದ ಮೇಜಿಗೆ ಚೆನ್ನ. ಸೊಪ್ಪು ಸೋಸುವ ಕಟ್ಟೆಗೆ ಇನ್ನಷ್ಟು ಬಿಳಿಯಾದ 4,000 ಕೆಲ್ವಿನ್ ಬೆಳಕು ಹಲಗೆಯ ಅಡಿಯಿಂದ ಬರಬೇಕು. ಇಳಿಬಿದ್ದ ದೀಪವನ್ನು ಒಲೆಯ ನೇರಕ್ಕೆ ಹಾಕಿದರೆ ಅದರ ಟೋಪಿಯ ತುಂಬ ಜಿಡ್ಡು ಕೂರುತ್ತದೆ.

ವೆಲ್ಡಿಂಗ್ ಅಂಗಡಿಗೆ ಏನು ಬರೆದುಕೊಡಬೇಕು?

ಎಂ.ಎಸ್. ಕೆಲಸದ ದರವನ್ನು ಬಹುತೇಕ ಕಿಲೋ ಲೆಕ್ಕದಲ್ಲಿ ಹೇಳುತ್ತಾರೆ. ಆ ದರದಲ್ಲಿ ಬಣ್ಣ, ಸಾಗಣೆ, ಜೋಡಣೆ ಸೇರಿವೆಯೇ ಎಂದು ಮೊದಲು ಕೇಳಿ ಬರೆಸಿಕೊಳ್ಳಬೇಕು. ತೂಕವನ್ನು ನಾವೇ ಅಂದಾಜು ಮಾಡಬಹುದು: 25 ಮಿ.ಮೀ. ಚೌಕದ, 1.6 ಮಿ.ಮೀ. ದಪ್ಪದ ಪೈಪು ಮೀಟರಿಗೆ ಸುಮಾರು 1.2 ಕಿಲೋ ತೂಗುತ್ತದೆ. 20 ಅಡಿಯ ಒಂದು ಪೈಪಿಗೆ 7 ಕಿಲೋದ ಆಸುಪಾಸು ಬರುತ್ತದೆ. ತೂಕ ಇದಕ್ಕಿಂತ ಬಹಳ ಕಡಿಮೆ ಬಂದರೆ ಸಿಕ್ಕಿರುವುದು ತೆಳು ಪೈಪು. ಅಳತೆಯ ನಕ್ಷೆಯ ಕೆಳಗೆ ಪೈಪಿನ ದಪ್ಪ, ತಗಡಿನ ದರ್ಜೆ ಮತ್ತು ಗೇಜು, ಮುಚ್ಚಿದ ತುದಿಗಳು, ಉಜ್ಜಿ ಸಮ ಮಾಡಿದ ಬೆಸುಗೆ, ಕೋಟಿಂಗಿಗೆ ಮುನ್ನ ಮನೆಯಲ್ಲಿ ಒಮ್ಮೆ ಜೋಡಣೆ ಇಷ್ಟನ್ನೂ ಬರೆದಿರಬೇಕು. ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳುವುದು ಲೇಸು. ಮಳೆಗಾಲದಲ್ಲಿ ಅಂಗಡಿಯ ಹೊರಗೆ ಕಾಯುತ್ತ ನಿಂತ ಚೌಕಟ್ಟಿನ ಮೇಲೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕಿನ ಪುಡಿ ಕೂರುತ್ತದೆ, ಮತ್ತು ಅದನ್ನು ಉಜ್ಜದೆಯೇ ಮೇಲೆ ಬಣ್ಣ ಹಾಯಿಸಿಬಿಡುವುದೂ ಉಂಟು.